ಹುಳುಕು ಹೇಳಿ ಮಾರಿದ ಅಮೇರಿಕಾ ಕಾರು

ಯಾರ ಕೈಗೂ ಎಟುಕದ ಎತ್ತರದಲ್ಲಿ, ಎಲ್ಲ ಕಡೆಯೂ ಮುಚ್ಚಿದ ಕರಟದೊಳಗೆ ಸಿಹಿನೀರು ತುಂಬಿಡುವ ಆ ಪರಶಿವನಿಗೆ ಮೊದಲು ಶರಣು. ಆ ನೀರನ್ನು ಅಲ್ಲಿಗೆ ಹೇಗೆ ಹೊತ್ತೆ ಅಂತ ನಾನು ಅವನನ್ನು ಕೇಳಿದವನಲ್ಲ. ಬಾಯಾರಿದಾಗ ಸಿಕ್ಕಿತಲ್ಲ, ಅಷ್ಟು ಸಾಕು.

ತಿಪಟೂರಿನಲ್ಲಿ ಲಾರಿ ಬಸ್ಸುಗಳಿಗೆ ಸೀಟು ಹೊಲಿಯುವುದು, ಬಣ್ಣ ಬಳಿಯುವುದು ನನ್ನ ಕಸುಬು. ಹುಟ್ಟಿದ್ದು ಅಯ್ನೋರ ಮನೆಯಲ್ಲಿ. ಹೀಗಾಗಿ ಹಣೆಯಲ್ಲಿ ವಿಭೂತಿ, ಕೈಯಲ್ಲಿ ರೆಕ್ಸಿನ್ನು. ಇಂಥ ಕಸುಬಿನವನಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅವೇ ಅಂಗಡಿ ಬಾಗಿಲಿಗೆ ಬಂದು ಹಾರನ್ ಹೊಡೆಯುತ್ತವೆ. ಅದರಲ್ಲೂ ಎಂಬತ್ತರ ಆಸುಪಾಸಿನಲ್ಲಿ, ಒಂದು ಅಮೇರಿಕಾ ಕಾರನ್ನು ಮಾರಬೇಕು ಅಂತ ಹೊರಟ ವರ್ಷ, ದೇವರು ನಮ್ಮನ್ನು ಚೆನ್ನಾಗಿಯೇ ಆಡಿಸಿದ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಮಾತ್ರ ಒಂದೊಂದು ದಿನ ಊಟ ಸೇರುತ್ತಿರಲಿಲ್ಲ.

೧. ಕೋಳಿ ಗೂಡಿನಿಂದ ಬಂದದ್ದು

ನನ್ನ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಒಬ್ಬ ಸಾಬರ ಮೆಕ್ಯಾನಿಕ್ ಇದ್ದ. ನಾನು ಅವನನ್ನು ಭಾಯ್ ಅನ್ನುತ್ತಿದ್ದೆ, ಅವನು ನನ್ನನ್ನು ಅಯ್ನೋರೆ ಅನ್ನುತ್ತಿದ್ದ. ಅವನ ನಮಾಜಿನ ಹೊತ್ತಿಗೆ ನಾನು ಸುತ್ತಿಗೆ ನಿಲ್ಲಿಸುತ್ತಿದ್ದೆ, ನನ್ನ ಪೂಜೆಯ ಹೊತ್ತಿಗೆ ಅವನು ಇಂಜಿನ್ ನಿಲ್ಲಿಸುತ್ತಿದ್ದ. ಇಬ್ಬರ ದೇವರ ಹೊತ್ತನ್ನೂ ಕಳೆದು ಉಳಿದ ಹೊತ್ತಿನಲ್ಲಿ ಕೆಲಸ ನಡೆಯುತ್ತಿತ್ತು.

ತುರುವೇಕೆರೆ ಕಡೆಯ ಒಬ್ಬ ತೋಟದ ಯಜಮಾನರ ಪಂಪ್‌ಸೆಟ್ ರಿಪೇರಿಗೆ ಹೋದ ಭಾಯ್, ಅಲ್ಲಿ ತೆಂಗಿನ ಸಿಪ್ಪೆಯ ರಾಶಿಯ ಕೆಳಗೆ ಒಂದು ಕಾರು ಕಂಡ. ಯಜಮಾನರ ತಂದೆ ಬೆಂಗಳೂರಿನ ಹರಾಜಿನಲ್ಲಿ ಯಾರೋ ದೊರೆಯದ್ದನ್ನು ಹಿಡಿದು ತಂದಿದ್ದರಂತೆ. ಸ್ವಲ್ಪ ದಿನ ಓಡಿಸಿ, ಪೆಟ್ರೋಲಿಗೆ ಹೆದರಿ, ಶೆಡ್ಡಿಗೆ ತಳ್ಳಿದ್ದರು. ಆಮೇಲೆ ಅದರಲ್ಲಿ ಕೋಳಿಗಳು ಸಂಸಾರ ಹೂಡಿದ್ದವು.

"ಬೇಕಾದ್ರೆ ತಗೊಂಡೋಗಪ್ಪ, ಸಿಪ್ಪೆ ಹಾಕಕ್ಕೆ ಜಾಗ ಆದ್ರೆ ಸಾಕು. ಕಾಗದ ನಿನ್ನ ಹೆಸರಿಗೆ ಮಾಡಿಸ್ಕೊಡ್ತೀನಿ. ಆದ್ರೆ ಕಾವಿಗೆ ಕೂತಿರೋ ಕೋಳಿ ಎದ್ದ ಮೇಲೆ ತಗೊಂಡೋಗು," ಅಂದರು ಯಜಮಾನರು.

ಕೋಳಿ ಎದ್ದ ಮೇಲೆ ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದೆವು. ಎರಡೇ ಬಾಗಿಲು, ಗೂಳಿಯಂಥ ಮೂತಿ, ಎಂಟು ಸಿಲಿಂಡರಿನ ಇಂಜಿನ್, ಸ್ಟೀರಿಂಗ್ ಎಡಗಡೆ. ಭಾಯ್ ಇಂಜಿನ್ ಬಿಚ್ಚಿ, ತಾಯಿ ಮಗುವಿನ ತಲೆ ನೋಡುವ ಹಾಗೆ ಒಂದೊಂದೇ ಭಾಗ ನೋಡಿದ. ಸಿಗದ ಸಾಮಾನಿಗೆ ಬೇರೆ ಸಾಮಾನು ಹೊಂದಿಸಿದ: ಟ್ರಾಕ್ಟರಿನ ರೇಡಿಯೇಟರ್, ಲಾರಿಯ ಹಿಂದೀಪ, ಬಸ್ಸಿನ ಹಾರನ್. ನಾನು ಸೀಟಿಗೆ ನಮ್ಮೂರ ತೆಂಗಿನ ನಾರು ತುಂಬಿ ಮರೂನ್ ರೆಕ್ಸಿನ್ ಹೊಲಿದೆ. ಕೆಂಪು ಬಣ್ಣ ಬಳಿದೆ. ಕೊನೆಗೆ ಒಂದು ಬೆಳಿಗ್ಗೆ ಭಾಯ್ ಬೀಗದ ಕೈ ತಿರುಗಿಸಿದ. ಅದು ಗುಡುಗಿದ್ದು ಕೇಳಿ ಎದುರಿನ ಹೋಟೆಲಿನವರು ಬಿಸಿಲಿನಲ್ಲೇ ಒಣಗಲು ಹಾಕಿದ್ದ ಹಪ್ಪಳ ಎತ್ತಿಕೊಂಡು ಒಳಗೆ ಓಡಿದರು.

ಇಷ್ಟೆಲ್ಲ ಮಾಡಿದ್ದು ಷೋಕಿಗಲ್ಲ. ಭಾಯ್‌ನ ತಾಯಿಗೆ, ನಾವಿಬ್ಬರೂ ಅಮ್ಮಿ ಅನ್ನುತ್ತಿದ್ದ ಆ ಮುದುಕಿಗೆ, ಕಣ್ಣು ಮಂಜಾಗುತ್ತಿತ್ತು. ಒಳಗಿನ ನರವೇ ಸೋಲುತ್ತಿದೆ, ಇನ್ನೊಂದು ವರ್ಷ ಕಂಡರೆ ಪುಣ್ಯ ಅಂದಿದ್ದರು ಡಾಕ್ಟರು. ಅಮ್ಮಿ ಅಳಲಿಲ್ಲ. "ಕಣ್ಣು ಕೊಟ್ಟೋನು ವಾಪಸ್ ಕೇಳ್ತಾವ್ನೆ. ಕೊಡೋಕೆ ಮುಂಚೆ ಅವನ ಮನೇನ ಒಂದ್ಸಲ ನೋಡ್ಬೇಕು," ಅಂದಳು. ಮೆಕ್ಕಾಗೆ ಹೋಗಬೇಕು. ಮಗನೂ ಜೊತೆಗೆ ಹೋಗಬೇಕು. ಆ ವರ್ಷದ ಹಡಗಿಗೆ ಹೋಗಬೇಕಾದರೆ ಕಾರು ಮಾರಲೇಬೇಕು.

ಆದರೆ ಅಮ್ಮಿ ಒಂದು ಷರತ್ತು ಹಾಕಿದಳು. "ಹುಳುಕು ಮುಚ್ಚಿಟ್ಟು ಮಾರಿದ ದುಡ್ಡಲ್ಲಿ ನಾನು ಅಲ್ಲಾನ ಬಾಗಿಲಿಗೆ ಹೋಗಲ್ಲ. ಕಾರಿಗೆ ಏನೇನು ಹುಳುಕು ಐತೋ ಎಲ್ಲಾ ಹೇಳಿ ಮಾರು. ತಗೊಳ್ಳೋರು ಕೇಳೋಕೆ ಮುಂಚೇನೇ ಹೇಳು."

ಭಾಯ್ ಹೂಂ ಅಂದ. ಆಮೇಲೆ ನನ್ನ ಕಡೆ ತಿರುಗಿ, "ಅಯ್ನೋರೆ, ಹಾಗಾದ್ರೆ ಗಿರಾಕಿಗಳಿಗೆ ಕೂತ್ಕೊಳ್ಳೋಕೆ ಒಂದು ಬೆಂಚ್ ಮಾಡ್ಬೇಕು. ನಿಂತ್ಕೊಂಡು ಕೇಳಿ ಮುಗಿಯೋದಲ್ಲ ಇದು," ಅಂದ.

೨. ಸುಳಿ ನೋಡಿದವರು

ಮೊದಲು ಬಂದವರು ಶೆಟ್ಟಿಕೆರೆ ಕಡೆಯ ಒಬ್ಬ ಗೌಡರು. ಕಾಯಿ ಮಾರಲು ಜೋಡಿ ಎತ್ತಿನ ಗಾಡಿ ಕಟ್ಟಿಕೊಂಡು ಬಂದವರು, ಮಾರಿ ಮುಗಿಸಿ, ಎತ್ತುಗಳನ್ನು ಗಾಡಿ ಸಮೇತ ನಮ್ಮ ಶೆಡ್ಡಿನ ಮುಂದಿನ ಬೇವಿನ ಮರಕ್ಕೆ ಕಟ್ಟಿ ಒಳಗೆ ಬಂದರು. ಅವರ ಹೆಸರು ಸುತ್ತ ಹಳ್ಳಿಗೆಲ್ಲ ಗೊತ್ತು. ದನದ ಮೈಮೇಲಿನ ಕೂದಲ ಸುಳಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವವರು. ದನ ಕೊಳ್ಳುವವರು ಅವರನ್ನು ಕೇಳದೆ ಹಗ್ಗ ಹಿಡಿಯುತ್ತಿರಲಿಲ್ಲ.

ಗೌಡರು ಕಾರಿನ ಸುತ್ತ ನಿಧಾನವಾಗಿ ನಡೆದರು. ಮುಂದೆ ಬಂದು ಬಗ್ಗಿ, ಬೆಳ್ಳಗೆ ಹೊಳೆಯುವ ಜಾಲರಿಯನ್ನು ನೋಡಿದರು. "ಹಲ್ಲು ಚೆನ್ನಾಗವೆ," ಅಂದರು. ಚಕ್ರದ ಹತ್ತಿರ ಕೂತು ಮುಟ್ಟಿದರು. "ಗೊರಸು ಗಟ್ಟಿ ಐತೆ." ಆಮೇಲೆ ಹಿಂದಕ್ಕೆ ಹೋದವರು ಅಲ್ಲೇ ನಿಂತುಬಿಟ್ಟರು.

"ಇದೇನಪ್ಪಾ ಇದು? ಬಾಲದ ಬುಡದಲ್ಲಿ ಸುಳಿ!"

ಹೋಗಿ ನೋಡಿದೆ. ಡಿಕ್ಕಿಯ ಪಕ್ಕದಲ್ಲಿ ನಾನು ಪಾಲಿಷ್ ತಿಕ್ಕಿದ ಬಟ್ಟೆ ದುಂಡಗೆ ಗುರುತು ಬಿಟ್ಟಿತ್ತು. "ಗೌಡ್ರೆ, ಅದು ಬಟ್ಟೆ ತಿಕ್ಕಿದ್ದು," ಅಂದೆ.

"ಹುಟ್ಟಿದ್ದಾದರೇನು, ತಿಕ್ಕಿದ್ದಾದರೇನು, ಸುಳಿ ಸುಳೀನೇ ಕಣಯ್ಯ. ಬಾಲದ ಬುಡದಲ್ಲಿ ಬಂದ್ರೆ ಕೊಂಡೋನು ಮನೆಯಲ್ಲಿ ನಿಲ್ಲಲ್ಲ."

"ಕಾರು ಕೊಂಡೋರು ಮನೆಯಲ್ಲಿ ಯಾಕೆ ನಿಲ್ತಾರೆ ಗೌಡ್ರೆ? ಊರೂರು ಸುತ್ತೋಕೇ ಅಲ್ವಾ ಕೊಳ್ಳೋದು?" ಅಂದ ಭಾಯ್.

ಗೌಡರಿಗೆ ಈ ಮಾತು ಹಿಡಿಸಿತು. ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡರು. ನಮ್ಮ ಕಡೆ ದನದ ವ್ಯಾಪಾರದಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಕುದುರಿಸುತ್ತಾರೆ. ಟವಲು ಕೈಗೆ ಬಂತು ಅಂದರೆ ಅರ್ಧ ವ್ಯಾಪಾರ ಆದ ಹಾಗೆ. ನಾನು ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದೆ. ಅಷ್ಟರಲ್ಲಿ ಭಾಯ್‌ಗೆ ಅಮ್ಮಿಯ ಮಾತು ನೆನಪಾಯಿತು.

"ಗೌಡ್ರೆ, ಒಂದು ಮಾತು. ಇದು ಹಿಂದಕ್ಕೆ ಹೋಗೋಕೆ ಸ್ವಲ್ಪ ಹಟ ಮಾಡ್ತದೆ. ಗೇರು ಎರಡು ಮೂರು ಸಲ ಹಾಕ್ಬೇಕು."

"ಹಿಂದಕ್ಕೆ ಹೋಗದಿದ್ರೆ ಒಳ್ಳೇದು ಬುಡು. ಮೇವು ಹೆಂಗೆ?"

"ಲೀಟರ್ ಪೆಟ್ರೋಲಿಗೆ ಎರಡು ಮೂರು ಕಿಲೋಮೀಟರ್, ಅಷ್ಟೇ."

ಗೌಡರ ಟವಲು ಸ್ವಲ್ಪ ಕೆಳಗಿಳಿಯಿತು. "ಶಬ್ದ ಆದ್ರೂ ಕೇಳನ. ಹಚ್ಚು," ಅಂದರು.

ಭಾಯ್ ಹಚ್ಚಿದ. ಕಾರು ಒಂದು ಸಲ ಗುರ್ರ್ ಅಂದದ್ದೇ ತಡ, ಮರದ ಕೆಳಗಿದ್ದ ಎತ್ತುಗಳು ಕಿವಿ ನೆಟ್ಟಗೆ ಮಾಡಿ, ಹಗ್ಗ ಕಿತ್ತುಕೊಂಡು, ಖಾಲಿ ಗಾಡಿಯ ಸಮೇತ ಓಟ ಕಿತ್ತವು. "ಹಿಡೀರಪ್ಪೋ!" ಅಂತ ಗೌಡರು ಕಾರು ಹತ್ತಿದರು, ನಾವೂ ಹತ್ತಿದೆವು. ಕಾರು ಹತ್ತಿರ ಹೋದಷ್ಟೂ ಎತ್ತುಗಳು ಜೋರಾದವು. ಊರಾಚೆ ಒಂದು ತೋಟದ ಬೇಲಿಗೆ ಗಾಡಿ ತಗುಲಿಕೊಂಡಾಗಲೇ ಅವು ನಿಂತದ್ದು. ದೇವರ ದಯೆ, ಎತ್ತಿಗೂ ಏನಾಗಲಿಲ್ಲ, ದಾರಿಯಲ್ಲಿದ್ದವರಿಗೂ ಏನಾಗಲಿಲ್ಲ.

ಗೌಡರು ಇಳಿದು ಎತ್ತುಗಳ ಬೆನ್ನು ಸವರಿದರು. ಅವುಗಳನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಆಮೇಲೆ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಭಾಯ್‌ಗೆ ಹೇಳಿದರು: "ನನ್ನ ಎತ್ತಿಗೆ ಇಂಥ ಓಟ ಐತೆ ಅಂತ ಇವತ್ತೇ ಕಣಪ್ಪ ಗೊತ್ತಾಗಿದ್ದು. ನನಗ್ಯಾಕೆ ಕಾರು?"

೩. ಉದ್ದ ಗೆರೆ, ಅಡ್ಡ ಗೆರೆ

ಹಳೆಯ ಬಣ್ಣ ಕೆರೆಯುವಾಗ ಅಡಿಯಲ್ಲಿ ಎರಡು ಬಿಳಿ ಗೆರೆ ಕಂಡಿದ್ದವು. ಮೂತಿಯಿಂದ ಹಿಡಿದು ಬೆನ್ನ ಮೇಲೆ ಹಾದು ಬಾಲದವರೆಗೆ ಉದ್ದಕ್ಕೂ. ಅಮೇರಿಕದಲ್ಲಿ ಜೋರಾಗಿ ಓಡುವ ಕಾರಿಗೆ ಹಾಗೆ ಹಾಕುತ್ತಾರೆ ಅಂತ ಭಾಯ್ ಹೇಳಿದ. ಇದ್ದದ್ದು ಇದ್ದ ಹಾಗೇ ಇರಲಿ ಅಂತ ನಾನೂ ಕೆಂಪಿನ ಮೇಲೆ ಎರಡು ಬಿಳಿ ಗೆರೆ ಎಳೆದಿದ್ದೆ.

ಹಾಲ್ಕುರಿಕೆ ಕಡೆಯ ಒಬ್ಬ ಹಿರಿಯರು ಕಾರು ನೋಡಲು ಬಂದರು. ನಮ್ಮವರೇ. ಹಣೆ ತುಂಬ ವಿಭೂತಿ, ದಿನಾ ಮಠಕ್ಕೆ ಹೋಗಿಬರುವವರು. ಕಾರಿನ ಮುಂದೆ ನಿಂತವರು ನನ್ನ ಹಣೆ ನೋಡಿದರು, ಕಾರಿನ ಹಣೆ ನೋಡಿದರು.

"ಏನಯ್ಯ, ಅಯ್ನೋರಾಗಿ ಕಾರಿಗೆ ನಾಮ ಇಟ್ಟಿದ್ದೀಯ?"

"ಬುದ್ಧಿ, ಅದು ನಾಮ ಅಲ್ಲ, ಓಟದ ಗೆರೆ," ಅಂದೆ.

"ನಿನಗೆ ಓಟದ ಗೆರೆ. ನಾನು ಇದರಲ್ಲಿ ಮಠದ ಮುಂದೆ ಇಳಿದರೆ ನೋಡೋರಿಗೆ? ಅಡ್ಡಕ್ಕೆ ಎಳಿ. ಬರೋ ಸೋಮವಾರ ಬತ್ತೀನಿ."

ನನಗೂ ಒಳಗೊಳಗೆ ಸಂತೋಷವೇ ಆಯಿತು ಅನ್ನಿ. ಉದ್ದ ಗೆರೆ ಮುಚ್ಚಿ, ಬಾನೆಟ್ಟಿನ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ ಎಳೆದೆ. ಕಾರು ನಿಜವಾಗಿ ಶಿವಭಕ್ತನ ಹಾಗೆ ಕಂಡಿತು. ಸೋಮವಾರ ಹಿರಿಯರು ಬಂದರು, ಕಾರಿಗೆ ಕೈ ಮುಗಿದರು, ಬೆಂಚಿನ ಮೇಲೆ ಕೂತು ಭಾಯ್ ಹೇಳಿದ ಹುಳುಕುಗಳನ್ನೆಲ್ಲ ಸಮಾಧಾನವಾಗಿ ಕೇಳಿದರು. ಕೋಳಿಗಳ ಮಾತು ಬಂದಾಗ ಎದ್ದು ನಿಂತರು. "ಕೋಳಿ? ಇದರೊಳಗೆ? ಶಿವ ಶಿವ!" ಅಂದವರು ಹೋಗಿ ಸ್ನಾನ ಮಾಡಿದರಂತೆ.

ಮರುದಿನ ತುರುವೇಕೆರೆಯ ಅಯ್ಯಂಗಾರ್ ವಕೀಲರು ಬಂದರು. ನಮ್ಮ ಗ್ರಹಚಾರ, ಬಿಸಿಲಿಗೆ ಮೇಲಿನ ಬಣ್ಣ ತೆಳುವಾಗಿ ಕೆಳಗಿನ ಉದ್ದ ಗೆರೆಗಳು ಇಣುಕುತ್ತಿದ್ದವು. ವಕೀಲರು ಕನ್ನಡಕ ಏರಿಸಿ ನೋಡಿ ನಕ್ಕರು. "ಒಳಗಿರೋನು ನಮ್ಮವನು ಕಣ್ರೀ. ಮೇಲೆ ನೀವು ನಿಮ್ಮ ಸಹಿ ಹಾಕಿದ್ದೀರಿ. ಇದಕ್ಕೆ ಈಗಲೇ ವ್ಯಾಜ್ಯ ಇದೆ, ನಾನು ಕೊಳ್ಳಲಾರೆ."

ನಾನು ಪೆಚ್ಚಾಗಿ ಕೂತಿದ್ದೆ. ಅಮ್ಮಿ ಊಟದ ಡಬ್ಬಿ ತಂದವಳು ವಿಷಯ ಕೇಳಿ, ಬಾನೆಟ್ಟಿನ ಮೇಲೆ ಕೈ ಆಡಿಸಿದಳು. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. "ಕೈಗೆ ಎರಡೂ ಒಂದೇ ಥರ ನುಣ್ಣಗೈತಲ್ಲ ಅಯ್ನೋರೆ," ಅಂದಳು. ನಾನು ಎಷ್ಟೋ ಪುರಾಣ ಕೇಳಿದ್ದೇನೆ. ಆ ದಿನ ಆ ಮುದುಕಿ ಕೈ ಆಡಿಸಿ ಹೇಳಿದ ಮಾತು ಇವತ್ತಿಗೂ ಪೂಜೆಗೆ ಕೂತಾಗ ನೆನಪಾಗುತ್ತದೆ.

ಯಾವ ಗೆರೆಯೂ ಬೇಡ ಅಂತ ಎಲ್ಲ ಅಳಿಸಿ ಬರೀ ಕೆಂಪು ಬಳಿದೆ. ಇನ್ನು ಯಾರ ತಕರಾರೂ ಇಲ್ಲ ಅಂತ ನೆಮ್ಮದಿಯಾಗಿ ಬೆಂಚಿನ ಮೇಲೆ ಕೂತೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಸೈಕಲ್ ನಿಲ್ಲಿಸಿ ಕೇಳಿದರು: "ಏನ್ ಸ್ವಾಮಿ, ಎಲೆಕ್ಷನ್ ಬಂತಾ? ಕೆಂಪು ಬಾವುಟದೋರ ಕಾರಾ ಇದು?"

೪. ಕಣ್ಣು ಮುಚ್ಚಿದ ಸಾರಥಿ

ದಬ್ಬೇಘಟ್ಟದ ಒಬ್ಬ ತೋಟದವರು ಕಾರನ್ನು ಊರಿಗೇ ತಂದು ತೋರಿಸಿ ಅಂತ ಹೇಳಿಕಳಿಸಿದರು. ಬೆಳಿಗ್ಗೆ ಹೊರಟೆವು. ಸ್ಟೀರಿಂಗ್ ಎಡಗಡೆ ಅಂದೆನಲ್ಲ, ಭಾಯ್ ಎಡಗಡೆ ಕೂತ. ಅವನು ಕುಳ್ಳ. ನಾನು ಹೊಲಿದ ನಾರಿನ ಸೀಟಿನಲ್ಲಿ ಹುದುಗಿ ಕೂತರೆ ಹೊರಗಿನಿಂದ ಟೋಪಿ ಕಂಡರೆ ಹೆಚ್ಚು. ನಾನು ಬಲಗಡೆ ಕೂತೆ, ಅಂದರೆ ನಮ್ಮ ದೇಶದಲ್ಲಿ ಡ್ರೈವರ್ ಕೂರುವ ಕಡೆ.

ಊರು ದಾಟಿದ ಮೇಲೆ ಭಾಯ್ ಕಾಲು ಒತ್ತಿದ. ಎರಡೂ ಕಡೆಯ ತೆಂಗಿನ ಮರಗಳು ಒಂದಕ್ಕೊಂದು ಸೇರಿ ಗೋಡೆಯಾದವು. ಜೀವನದಲ್ಲಿ ಅಂಥ ವೇಗ ಕಂಡವನಲ್ಲ ನಾನು. ರುದ್ರಾಕ್ಷಿ ಸರ ಕೈಗೆ ತೆಗೆದುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಓಂ ನಮಃ ಶಿವಾಯ ಅಂತ ಜಪ ಹಿಡಿದೆ. ದಬ್ಬೇಘಟ್ಟ ಬರುವವರೆಗೆ ಬಿಡಲಿಲ್ಲ. ದಾರಿಯಲ್ಲಿ ಎಲ್ಲೋ ಜನ ಕೂಗಿದ್ದು ಕೇಳಿಸಿತು. ಯಾಕೆ ಅಂತ ನೋಡಲು ಕಣ್ಣು ಬಿಡುವ ಧೈರ್ಯ ಇರಲಿಲ್ಲ.

ದಬ್ಬೇಘಟ್ಟದವರು ಕಾರಿಗೆ ಮನಸೋತರು. ಹೆಂಡತಿ ಮಕ್ಕಳನ್ನು ಕರೆದು ತೋರಿಸಿದರು. ಎಳನೀರು ಕೊಟ್ಟರು. ಭಾಯ್ ಎಳನೀರು ಕುಡಿದು, ಬಾಯಿ ಒರೆಸಿಕೊಂಡು, ಹುಳುಕು ಹೇಳಲು ಶುರು ಮಾಡಿದ: ಪೆಟ್ರೋಲು, ಹಿಂದಿನ ಗೇರು, ಮಳೆಗೆ ಬಲಗಡೆ ಕಿಟಕಿಯಿಂದ ಸೋರುವ ನೀರು, ಸಾಮಾನು ಸಿಗದ ಕಷ್ಟ, ಕೋಳಿ. ಕೇಳುತ್ತಾ ಕೇಳುತ್ತಾ ಅವರ ಮುಖ ಚಿಕ್ಕದಾಯಿತು.

"ನೀವು ಒಳ್ಳೆಯವರು ಕಣ್ರಪ್ಪ," ಅಂದರು. "ಆದರೆ ಬಾಯಿಬಿಟ್ಟು ಹೇಳೋದೇ ಇಷ್ಟಿದ್ರೆ, ಹೇಳದೇ ಇರೋದು ಇನ್ನೆಷ್ಟಿರಬೇಡ?"

ಸಪ್ಪೆ ಮುಖ ಹೊತ್ತು ಹಿಂದಿರುಗಿದೆವು. ನಾನು ಮತ್ತೆ ಕಣ್ಣು ಮುಚ್ಚಿ ಜಪಕ್ಕೆ ಕೂತೆ. ನಡುದಾರಿಯ ಒಂದು ಹಳ್ಳಿಯಲ್ಲಿ ಕಾರು ಗಕ್ಕನೆ ನಿಂತಿತು. ಕಣ್ಣು ಬಿಟ್ಟರೆ ರಸ್ತೆ ತುಂಬ ಜನ. ಹೆಂಗಸರ ಕೈಯಲ್ಲಿ ಹಣ್ಣು ಕಾಯಿ, ಕರ್ಪೂರದ ತಟ್ಟೆ. ನಾನು ಬಾಗಿಲು ತೆಗೆದಿದ್ದೇ ತಡ, ಒಬ್ಬರು ಕಾಲಿಗೆ ನೀರು ಹಾಕಿದರು.

"ಏನ್ರಪ್ಪಾ ಇದು?" ಅಂದೆ.

ಒಬ್ಬ ಯಜಮಾನರು ಕೈ ಮುಗಿದರು. "ಬೆಳಿಗ್ಗೆ ನಾವೆಲ್ಲ ನೋಡಿದ್ವಿ ಸ್ವಾಮಿ. ಸ್ಟೀರಿಂಗ್ ಇಲ್ಲ, ಕಣ್ಣು ಮುಚ್ಚಿ, ಕೈಯಲ್ಲಿ ಬರೀ ಜಪಮಣಿ ಹಿಡಿದು ಕಾರು ಓಡಿಸ್ಕೊಂಡು ಹೋದ್ರಿ. ವಾಪಸ್ ಇದೇ ದಾರೀಲಿ ಬತ್ತೀರಿ ಅಂತ ಕಾಯ್ತಾ ಇದ್ವಿ."

ಶಿವನ ಹೆಸರು ಹೇಳಿ ಶಿವನ ಪಾಲಿನ ನಮಸ್ಕಾರ ತೆಗೆದುಕೊಳ್ಳುವುದುಂಟೆ? ಭಾಯ್‌ನನ್ನು ತೋರಿಸಿದೆ, ಎಡಗಡೆಯ ಸ್ಟೀರಿಂಗ್ ತೋರಿಸಿದೆ, ಅಮೇರಿಕದಲ್ಲಿ ಹೀಗೆ ಅಂತ ಸಾರಿ ಸಾರಿ ಹೇಳಿದೆ. ಯಜಮಾನರಿಗೆ ಅರ್ಥವಾಯಿತು, ನಕ್ಕರು. ತಟ್ಟೆ ಹಿಡಿದಿದ್ದ ಒಬ್ಬ ಅಜ್ಜಿಗೆ ಮಾತ್ರ ಅರ್ಥವಾಗಲಿಲ್ಲ. ಕರ್ಪೂರ ಬೆಳಗಿಯೇ ಬೆಳಗಿ, ಕಾರಿನೊಳಕ್ಕೆ ತಲೆ ಹಾಕಿ ಭಾಯ್‌ಗೆ ಎಚ್ಚರ ಹೇಳಿದಳು:

"ಮಗಾ, ಸ್ವಾಮ್ಗಳು ಕಣ್ಣು ಮುಚ್ಕೊಂಡೇ ಇಷ್ಟು ಜೋರಾಗಿ ಓಡಿಸ್ತಾರೆ. ನೀನು ಪಕ್ಕದಲ್ಲಿ ಕೂತು ಮಾತಾಡಿಸಿ ಕಣ್ಣು ಬಿಡಿಸಬೇಡ ಕಣ್ಲಾ!"

೫. ಕೊಳೆತ ಕಾಯಿ

ಇದರಲ್ಲಿ ನಗು ಕಡಿಮೆ. ಆದರೆ ಇದನ್ನು ಹೇಳದೆ ಮುಂದಿನದು ಹೇಳಲು ಬರುವುದಿಲ್ಲ.

ಹಡಗಿನ ಅರ್ಜಿ ಕೊಡುವ ದಿನ ಹತ್ತಿರ ಬಂದಿತ್ತು. ಅಮ್ಮಿಗೆ ಈಗ ಬಾಗಿಲು ಯಾವುದು ಗೋಡೆ ಯಾವುದು ಅನ್ನುವುದು ಕೈಯಿಂದಲೇ ತಿಳಿಯುತ್ತಿತ್ತು. ಹಗಲು ಬೆಳಕಿನಲ್ಲಿ ಮಾತ್ರ ಮಂಜು ಮಂಜಾಗಿ ಕಾಣುತ್ತಿತ್ತು. ನನ್ನ ಮನಸ್ಸು ತಡೆಯಲಿಲ್ಲ. ಅವಳ ಮುಂದೆ ಕೂತು ಕೇಳಿಯೇಬಿಟ್ಟೆ:

"ಅಮ್ಮಿ, ಕೇಳಿದವರಿಗೆ ಹೇಳೋಣ. ಕೇಳದವರಿಗೆ ನಾವಾಗಿ ಹೇಳೋದು ಬೇಡ. ಅದು ಸುಳ್ಳಲ್ಲವಲ್ಲ?"

ಅಮ್ಮಿ ತಿರುಗಿ ನನ್ನನ್ನೇ ಕೇಳಿದಳು. "ಅಯ್ನೋರೆ, ನೀವು ದೇವರ ಮುಂದೆ ಕಾಯಿ ಒಡೀತೀರಿ. ಕೊಳೆತದ್ದು ಬಂದ್ರೆ ಏನು ಮಾಡ್ತೀರಿ? ಕೊಳೆತಿದ್ದನ್ನ ಕೆಳಗೆ ಮಾಡಿ ತಟ್ಟೇಲಿ ಇಡ್ತೀರಾ?"

"ಇಲ್ಲ. ಬೇರೆ ಕಾಯಿ ತಂದು ಒಡೀತೀನಿ."

"ನನ್ನ ಹತ್ರ ಬೇರೆ ಕಾಯಿ ಇಲ್ಲಪ್ಪ. ಇರೋದು ಒಂದೇ ಯಾತ್ರೆ."

ನಾನು ಎದ್ದು ಬಂದೆ. ಭಾಯ್ ಕಾರಿನ ಕೆಳಗೆ ಮಲಗಿ ಏನೋ ಬಿಗಿಮಾಡುತ್ತಿದ್ದ. "ಏನಂದ್ಳು?" ಅಂದ.

"ಬೆಂಚು ಇನ್ನೊಂದು ಮಾಡೋಣ ಅಂದ್ಳು," ಅಂದೆ.

೬. ಎದುರುಮಾತಿನ ಸಾಹುಕಾರರು

ಕೊಬ್ಬರಿ ಮಂಡಿಯ ಒಬ್ಬ ಸಾಹುಕಾರರು ತಮ್ಮ ಜೀಪನ್ನು ಭಾಯ್ ಹತ್ತಿರ ರಿಪೇರಿಗೆ ಬಿಟ್ಟಿದ್ದರು. ಮಂಡಿ ವ್ಯಾಪಾರ ನೋಡಿದವರಿಗೆ ಗೊತ್ತು: ರೈತ ತನ್ನ ಕೊಬ್ಬರಿ ಹೊಗಳಬೇಕು, ಸಾಹುಕಾರ ಹಳಿಯಬೇಕು. ರೈತ ದಪ್ಪ ಅಂದರೆ ಇವರು ತೆಳು ಅನ್ನಬೇಕು, ಬಿಳುಪು ಅಂದರೆ ಕಪ್ಪು ಅನ್ನಬೇಕು. ಈ ಸಾಹುಕಾರರು ಅದನ್ನೇ ಮಾಡುತ್ತ ಮಾಡುತ್ತ ಮುದುಕರಾಗಿದ್ದರು. ಎದುರಿನವರು ಏನು ಅಂದರೂ ಅದಕ್ಕೆ ತಿರುಗಿ ಹೇಳುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಇವತ್ತು ಬಿಸಿಲು ಜೋರು ಅಂದರೆ, ಹೆಗಲ ಬೆವರು ಒರೆಸಿಕೊಳ್ಳುತ್ತಾ, "ಎಲ್ಲಿ? ತಂಪಾಗೇ ಐತಲ್ಲ," ಅನ್ನುವವರು.

ಜೀಪು ಆಗುವವರೆಗೆ ಅವರು ಬೆಂಚಿನ ಮೇಲೆ ಕೂತರು. ಅಮ್ಮಿ ಅಲ್ಲೇ ಬಾಗಿಲ ಬಳಿ ಜಪಮಣಿ ಎಣಿಸುತ್ತಿದ್ದಳು. ಸಾಹುಕಾರರ ಕಣ್ಣು ಕಾರಿನ ಮೇಲೆ ಬಿತ್ತು. "ಯಾರದಪ್ಪ ಇದು? ಮಾರೋದಾ?"

ಭಾಯ್‌ಗೆ ಆಸೆಯೇ ಉಳಿದಿರಲಿಲ್ಲ. ಸ್ಪ್ಯಾನರ್ ತಿರುಗಿಸುತ್ತಾ ಪಾಠ ಒಪ್ಪಿಸುವವನ ಹಾಗೆ ಶುರು ಮಾಡಿದ. "ಮಾರೋದೇ ಸಾಹುಕಾರ್ರೆ. ಆದ್ರೆ ವಿಪರೀತ ಪೆಟ್ರೋಲ್ ಕುಡೀತದೆ."

"ಯಾವನು ಹೇಳಿದ್ದು ವಿಪರೀತ ಅಂತ? ಇಷ್ಟು ದೊಡ್ಡ ಮೈಗೆ ಅಷ್ಟೂ ಬೇಡ್ವಾ?"

ಭಾಯ್ ತಲೆ ಎತ್ತಿದ. ನಾನು ಸೂಜಿ ಕೆಳಗಿಟ್ಟೆ.

"ಸ್ಟೀರಿಂಗ್ ಎಡಗಡೆ ಐತೆ," ಅಂದ ಭಾಯ್.

"ಎಡಗಡೇನೇ ಇರ್ಬೇಕು. ರಸ್ತೆ ಅಂಚು ಕಾಣ್ತದೆ, ಚರಂಡಿಗೆ ಬೀಳಲ್ಲ. ಬಲಗಡೆ ಇಟ್ಟೋನು ದಡ್ಡ."

"ಎರಡೇ ಬಾಗಿಲು."

"ಒಳ್ಳೇದಾಯ್ತು. ನಾಲ್ಕಿದ್ರೆ ನಮ್ಮ ಭಾಮೈದುನರೆಲ್ಲ ಹತ್ತಿ ಕೂತ್ಕೋತಾರೆ."

"ಹಿಂದಕ್ಕೆ ಹೋಗೋಕೆ ಹಟ ಮಾಡ್ತದೆ."

"ನಾನು ಯಾವ ವ್ಯಾಪಾರದಲ್ಲಿ ಹಿಂದಕ್ಕೆ ಹೋದವನು? ಮುಂದೆ ಹೇಳು."

"ಮಳೆ ಬಂದ್ರೆ ಒಳಗೆ ನೀರು ಸೋರ್ತದೆ."

"ನಮ್ಮ ಸೀಮೇಲಿ ಮಳೆ ಎಲ್ಲಯ್ಯ ಬರ್ತದೆ?"

"ಸಾಹುಕಾರ್ರೆ," ಭಾಯ್ ಸ್ಪ್ಯಾನರ್ ಕೆಳಗಿಟ್ಟ, "ಇದರೊಳಗೆ ಕೋಳಿ ಸಾಕಿದ್ರು. ತೇವ ಆದ್ರೆ ವಾಸನೆ ಬತ್ತದೆ."

ಸಾಹುಕಾರರು ಮಡಿವಂತರು. ಇದು ಮುಗಿಯಿತು ಅಂದುಕೊಂಡು ನಾನು ಶಿವನನ್ನು ನೆನೆದೆ. ಅವರು ಎದ್ದು ಹೋಗಿ ಕಾರಿನೊಳಗೆ ಮೂಗು ಹಾಕಿ ಎಳೆದರು. "ಕೋಳಿ ವಾಸನೆ ಅಂತೆ! ಹುಟ್ಟಿದಾಗಿಂದ ನಾರಿನ ನಡುವೆ ಬೆಳೆದೋನು ನಾನು. ಇದು ಅಪ್ಪಟ ತೆಂಗಿನ ನಾರು. ಏನಯ್ಯ, ನಿನಗೆ ಕಾರು ಮಾರೋಕೆ ಇಷ್ಟ ಇಲ್ಲ, ಅದಕ್ಕೇ ಇಲ್ಲದ್ದೆಲ್ಲ ಹೇಳಿ ಓಡಿಸ್ತಾ ಇದ್ದೀಯ. ತಾ ಇಲ್ಲಿ ಕೈ!"

ಹೆಗಲ ಟವಲು ತೆಗೆದು ಕೈ ಮುಚ್ಚಿದರು. ಭಾಯ್ ಅದರ ಕೆಳಗೆ ಬೆರಳು ಕೊಟ್ಟ. ಸಾಹುಕಾರರ ಮುಖ ಕೆಂಪಾಯಿತು. "ಇಷ್ಟೇನಾ? ನನ್ನ ಏನು ಭಿಕ್ಷುಕ ಅಂದ್ಕೊಂಡ್ಯಾ?" ಅಂದು ಇನ್ನೊಂದು ಬೆರಳು ಹಿಡಿದರು. "ಬೇಡಿ ಸಾಹುಕಾರ್ರೆ, ಅಷ್ಟು ಬಾಳಲ್ಲ," ಅಂತ ಭಾಯ್ ಬೆರಳು ಬಿಡಿಸಿಕೊಳ್ಳಲು ನೋಡಿದ. "ಬಾಳಲ್ಲ ಅನ್ನೋಕೆ ನೀನ್ಯಾರು?" ಅಂತ ಅವರು ಬಿಡಲಿಲ್ಲ. ಟವಲಿನ ಕೆಳಗೆ ಇಬ್ಬರೂ ಕುಸ್ತಿ ಹಿಡಿದರು. ಕೊಡುವವನು ಇಳಿಸುವುದು, ಕೊಳ್ಳುವವನು ಏರಿಸುವುದು! ಎದುರು ಹೋಟೆಲಿನವರು ಬಂದು ಬಿಡಿಸಬೇಕಾಯಿತು. ಕೊನೆಗೆ ಇಬ್ಬರ ದರಕ್ಕೂ ನಡುವೆ ನಿಂತಿತು. ಯಾತ್ರೆಗೆ ಅಷ್ಟು ಸಾಕಿತ್ತು.

ಸಾಹುಕಾರರು ಅಮ್ಮಿಯ ಕಡೆ ತಿರುಗಿ ದೂರು ಹೇಳಿದರು. "ನೋಡಮ್ಮ, ನಿನ್ನ ಮಗನಿಗೆ ವ್ಯಾಪಾರಾನೇ ಬರಲ್ಲ."

"ಹೂಂ ಯಜಮಾನ್ರೆ, ಬರಲ್ಲ," ಅಂದಳು ಅಮ್ಮಿ.

"ಯಾಕಮ್ಮ ಬರಲ್ಲ? ನನ್ನ ಕೈಲೇ ಟವಲು ತೆಗೆಸಿದ್ನಲ್ಲ!"

೭. ಹೊರಡುವ ದಿನ

ಅರ್ಜಿ ಹೋಯಿತು, ಒಪ್ಪಿಗೆ ಬಂತು. ಬೊಂಬಾಯಿ ದಾರಿ ಹಿಡಿಯುವ ದಿನ ತಾಯಿ ಮಗ ಇಬ್ಬರೂ ಗಂಟುಮೂಟೆ ಕಟ್ಟಿ ಶೆಡ್ಡಿನ ಮುಂದೆ ನಿಂತಿದ್ದರು. ಅವರನ್ನು ರೈಲು ಹತ್ತಿಸಲು ನಾನು ಜಟಕಾ ಕರೆಯಲು ಹೊರಟಿದ್ದೆ. ಅಷ್ಟರಲ್ಲಿ ಬೀದಿ ತುದಿಯಿಂದ ಬಸ್ಸಿನ ಹಾರನ್ ಕೇಳಿಸಿತು. ಬಂದದ್ದು ಬಸ್ಸಲ್ಲ, ನಮ್ಮ ಕೆಂಪು ಕಾರು. ಸಾಹುಕಾರರು ಇಳಿದು ಬಾಗಿಲು ಧಡಾರನೆ ಹಾಕಿದರು.

"ಏನಯ್ಯ, ನನಗೆ ಮೋಸ ಮಾಡ್ತೀಯಾ?"

ಅಮ್ಮಿಯ ಕೈಯಲ್ಲಿದ್ದ ಗಂಟು ಕೆಳಗೆ ಬಿತ್ತು. ಭಾಯ್ ಬೆಪ್ಪಾದ. "ಏನಾಯ್ತು ಸಾಹುಕಾರ್ರೆ? ಹುಳುಕು ಯಾವುದನ್ನ ಹೇಳದೆ ಬಿಟ್ಟೆ?"

"ಹೇಳಿದ ಹುಳುಕು ಇಲ್ಲ ಕಣಯ್ಯ! ಹಿಂದಕ್ಕೆ ಹೋಗೋಕೆ ಹಟ ಮಾಡ್ತದೆ ಅಂದೆ. ಮೊದಲನೇ ಸಲಕ್ಕೇ ಹೋಗ್ತದೆ! ನೀರು ಸೋರ್ತದೆ ಅಂದೆ. ಮೊನ್ನೆ ಅಷ್ಟು ಮಳೆ ಬಂತು, ಒಂದು ಹನಿ ಇಲ್ಲ! ಎರಡು ಹುಳುಕು ಇಲ್ಲದ್ದು ಹೇಳಿ ನನಗೆ ಕಡಿಮೆಗೆ ಕೊಟ್ಟಿದ್ದೀಯ. ನಾಳೆ ಮಂಡೀಲಿ ಸಾಬರ ಹತ್ರ ಧರ್ಮಕ್ಕೆ ಕಾರು ತಗೊಂಡ ಅಂತ ಆಡಿಕೊಂಡ್ರೆ?"

ಭಾಯ್ ತಲೆ ತಗ್ಗಿಸಿದ. "ಕೊಡೋ ಹಿಂದಿನ ದಿನ ಮನಸ್ಸು ತಡೀಲಿಲ್ಲ. ಗೇರು ಬಿಚ್ಚಿ ಸರಿ ಮಾಡ್ದೆ, ಕಿಟಕಿಗೆ ಹೊಸ ರಬ್ಬರ್ ಹಾಕ್ದೆ. ಹೇಳೋಕೆ ಮರೆತೆ."

ಅಮ್ಮಿ ಅಲ್ಲೇ ಗಂಟಿನ ಮೇಲೆ ಕೂತುಬಿಟ್ಟಳು. "ಹೋಯ್ತಲ್ಲ ಬೇಟಾ. ಇಲ್ಲದ ಹುಳುಕು ಇದೆ ಅಂದಿದ್ದೂ ಸುಳ್ಳೇ ತಾನೇ? ಈ ಮನುಷ್ಯನ ಮನಸ್ಸಿಗೆ ನೋವಾಗೈತೆ. ಇದನ್ನ ಬಗೆಹರಿಸದೆ ನಾನು ಹೆಜ್ಜೆ ಇಡಲ್ಲ."

ದೂರದಲ್ಲಿ ರೈಲು ಬರುವ ಸಿಗ್ನಲ್ಲು ಬಿದ್ದಿತ್ತು. ನಾನು ಸಾಹುಕಾರರ ಮುಂದೆ ಕೈ ಮುಗಿದು, "ವಾದದಲ್ಲಿ ನೀವು ಗೆದ್ರಿ ಸ್ವಾಮಿ, ದೊಡ್ಡ ಮನಸ್ಸು ಮಾಡಿ," ಅಂದೆ.

"ಯಾರಯ್ಯ ಹೇಳಿದ್ದು ಗೆದ್ದೆ ಅಂತ? ನಾನು ಗೆದ್ದಿಲ್ಲ!"

"ಹಾಗಾದ್ರೆ ಸೋತ್ರಿ."

"ನಾನ್ಯಾಕೆ ಸೋಲಲಿ?"

ದಾರಿ ಮುಚ್ಚಿತು ಅಂದುಕೊಂಡೆ. ಆಗ ಅಮ್ಮಿ, ಮಂಜುಗಣ್ಣನ್ನು ಅವರ ದನಿಯ ಕಡೆ ತಿರುಗಿಸಿ, ನಿಟ್ಟುಸಿರು ಬಿಟ್ಟಳು. ಕಪಟವಿಲ್ಲದ ಹೆಂಗಸು. ಮನಸ್ಸಿಗೆ ಬಂದದ್ದನ್ನೇ ಆಡಿದಳು.

"ಹೋಗ್ಲಿ ಬುಡಿ ಯಜಮಾನ್ರೆ. ಈ ದುಡ್ಡಲ್ಲಿ ಮಾಡಿದ ಯಾತ್ರೆ ಅಲ್ಲಾಗೆ ಸಲ್ಲೋದಿಲ್ಲ."

"ಯಾಕಮ್ಮ ಸಲ್ಲಲ್ಲ?" ಸಾಹುಕಾರರು ಗುಡುಗಿದರು. "ಸಲ್ಲೇ ಸಲ್ತದೆ! ನನ್ನ ದುಡ್ಡು ಅದು, ನಾನು ಹೇಳ್ತೀನಿ! ಯಾರು ಇಲ್ಲ ಅಂದೋರು?"

"ರೈಲು ಬೇರೆ ಹೊರಟೋಯ್ತೇನೋ. ಇನ್ನು ಸಿಕ್ಕಲ್ಲ."

"ಸಿಗ್ತದೆ! ಹತ್ತಿ ಕಾರು!"

ಸಾಹುಕಾರರು ತಾವೇ ಗಂಟು ಎತ್ತಿ ಡಿಕ್ಕಿಗೆ ಹಾಕಿದರು, ಅಮ್ಮಿಯ ಕೈ ಹಿಡಿದು ಮುಂದೆ ಕೂರಿಸಿದರು. ನಾನೂ ಭಾಯ್ ಹಿಂದೆ ತೂರಿಕೊಂಡೆವು. ಹಾರನ್ನು ಹೊಡೆಯುತ್ತ ಹೊಡೆಯುತ್ತ ಸ್ಟೇಷನ್ ಸೇರಿದಾಗ ರೈಲು ಆಗಷ್ಟೇ ನಿಲ್ಲುತ್ತಿತ್ತು. ಅಮ್ಮಿ ಡಬ್ಬಿಯ ಬಾಗಿಲಲ್ಲಿ ನಿಂತು, "ಬಹಳ ಉಪಕಾರ ಮಾಡಿದ್ರಿ ಯಜಮಾನ್ರೆ," ಅಂದಳು.

"ಏನು ಉಪಕಾರ? ನಾನೇನೂ ಮಾಡಿಲ್ಲ," ಅಂದರು ಸಾಹುಕಾರರು, ಟವಲಿನಿಂದ ಕಣ್ಣು ಒರೆಸಿಕೊಳ್ಳುತ್ತಾ. ನಾನು ಮೆಲ್ಲಗೆ, "ಕಣ್ಣಲ್ಲಿ ನೀರು ಬಂತಾ ಸ್ವಾಮಿ?" ಅಂದೆ.

"ಎಲ್ಲಿ? ಒಣಗೇ ಐತಲ್ಲ!"

ಅಮ್ಮಿ ಮೆಕ್ಕಾದಲ್ಲಿ ಅಲ್ಲಾನ ಆ ಮನೆಯನ್ನು ಕಂಡಳು. ಮಂಜಿನೊಳಗೆ ಕಪ್ಪಗೆ, ದೊಡ್ಡದಾಗಿ ಕಂಡಿತು ಅಂತ ವಾಪಸ್ ಬಂದ ಮೇಲೆ ಹೇಳಿದಳು. ನನಗೆ ಅಷ್ಟು ಸಾಕು.

ಇದನ್ನು ಕೂತು ಕೇಳಿದ ನಿಮಗೆಲ್ಲ ಆ ಶಿವ ಒಳ್ಳೆಯದು ಮಾಡಲಿ. ನಿಮ್ಮ ಅಟ್ಟದ ಕಾಯಿ ಕೊಳೆಯದೆ ಕೊಬ್ಬರಿಯಾಗಲಿ, ನಿಮ್ಮ ಕಣ್ಣಿನ ಬೆಳಕು ನೀವು ನೋಡಬೇಕಾದ್ದನ್ನು ನೋಡುವವರೆಗೆ ಉಳಿಯಲಿ. ನಮಗೆ ಇದೆಲ್ಲ ಎಲ್ಲಿ ಸಲ್ಲುತ್ತದೆ ಅಂತ ನೀವು ಸೋತು ಕೂತ ದಿನ, ಸಲ್ಲೇ ಸಲ್ಲುತ್ತದೆ ಅಂತ ಜಗಳಕ್ಕೆ ನಿಲ್ಲುವ ಒಬ್ಬರನ್ನು ಅವನು ನಿಮ್ಮ ಬಾಗಿಲಿಗೂ ಕಳಿಸಲಿ.